ಗಲ್ಲದ ಮೇಲಣ ಕುರುಹು



ಜೇಡರ ದಾಸಿಮಯ್ಯನವರ ಆ ಪ್ರಸಿದ್ಧ ವಚನವನ್ನು ಕೇಳದ ಭಕ್ತರು ವಿರಳ. ಗಡ್ಡಮೀಸೆಗಳನ್ನು ಕಂಡು ಲೋಕವು ಒಬ್ಬರನ್ನು ಪುರುಷನೆಂದು ಕರೆಯುತ್ತದೆ, ಬೇರೆ ಕುರುಹುಗಳನ್ನು ಕಂಡು ಇನ್ನೊಬ್ಬರನ್ನು ಸ್ತ್ರೀಯೆಂದು ಕರೆಯುತ್ತದೆ. ಒಳಗಿನ ಚೈತನ್ಯಕ್ಕೆ ಮಾತ್ರ ಆ ಎರಡು ಹೆಸರುಗಳೂ ಅಂಟುವುದಿಲ್ಲವೆಂಬುದು ಅದರ ತಾತ್ಪರ್ಯ. ಶರಣೆ ಗೊಗ್ಗವ್ವೆಯವರೂ ಇದೇ ಪ್ರಶ್ನೆಯನ್ನು ತಮ್ಮ ನಾಸ್ತಿನಾಥನ ಮುಂದೆ ಇಟ್ಟಿದ್ದಾರೆ. ಈ ವಚನಗಳನ್ನು ವ್ಯಾಖ್ಯಾನಿಸುವವರೆಲ್ಲ ಚೈತನ್ಯದ ಕಡೆಗೆ ಧಾವಿಸುತ್ತಾರೆ. ಗಡ್ಡದ ಬಳಿ ಕ್ಷಣಕಾಲ ನಿಲ್ಲುವವರು ಕಡಿಮೆ. ದೃಷ್ಟಾಂತವಾಗಿ ಬಂದದ್ದು ದೃಷ್ಟಾಂತವಾಗಿಯೇ ಮುಗಿದುಹೋಗುತ್ತದೆ. ಆದರೆ ಅದೇ ಗಡ್ಡವು ದಿನಬೆಳಗಿನ ಸಂಕಟವಾಗಿರುವ ಜೀವಗಳು ನಮ್ಮ ನಡುವೆಯೇ ಇವೆ. ಈ ಬರಹವು ಅಂತಹ ಒಬ್ಬ ಭಕ್ತೆಯ ಕುರಿತಾದುದು. ತನ್ನ ಹೆಸರೂ ಊರೂ ಬರಬಾರದೆಂಬುದು ಆಕೆಯ ಕೋರಿಕೆ. ಬಾಗಲಕೋಟೆ ಜಿಲ್ಲೆಯವಳು ಎಂದರೆ ಸಾಕು.

ಆಕೆಯ ತಂದೆ ಹಡಪದ ಕುಲದವರು. ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿ ತಾಂಬೂಲದ ಚೀಲವಾದ ಹಡಪವನ್ನು ಹೊತ್ತಿದ್ದ ಅಪ್ಪಣ್ಣನವರ ಹೆಸರು ಉತ್ತರ ಕರ್ನಾಟಕದಲ್ಲಿ ಕ್ಷೌರ ಕಾಯಕದ ಬಂಧುಗಳಿಗೆ ಕುಲನಾಮವಾಗಿ ನಿಂತಿದೆ. ವೀಳ್ಯದ ಚೀಲವು ಕತ್ತಿಯ ಚೀಲವಾದದ್ದು ಯಾವಾಗ ಎಂಬ ಚರ್ಚೆ ವಿದ್ವಾಂಸರಿಗೆ ಬಿಟ್ಟದ್ದು. ಊರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಗಳ ಅಂಗಡಿ. ಗೋಡೆಯ ಮೇಲೆ ಬಸವಣ್ಣನವರ ಪಟ, ಅದರ ಪಕ್ಕದಲ್ಲಿ ಅಪ್ಪಣ್ಣನವರದು. ಆಕೆ ಗಂಡುಮಗುವೆಂದೇ ಹುಟ್ಟಿದವಳು, ಗಂಡು ಹೆಸರಿನಲ್ಲೇ ಬೆಳೆದವಳು. ಹತ್ತು ವರ್ಷದವಳಾಗಿದ್ದಾಗಲೇ ಅಂಗಡಿಯ ಕೂದಲು ಗುಡಿಸುವುದು, ಬಿಸಿನೀರು ಇಡುವುದು, ಪಟ್ಟಿಗೆ ಕತ್ತಿ ಎಳೆಯುವುದು ಎಲ್ಲವೂ ಕೈವಶವಾಗಿತ್ತು. ಅನ್ಯರ ಗಡ್ಡವನ್ನು ಅಷ್ಟು ಹತ್ತಿರದಿಂದ ಕಂಡು ಬೆಳೆದ ಆ ಮಗುವಿಗೆ ತನ್ನ ಗಲ್ಲದಲ್ಲಿ ಅದು ಮೂಡಬಾರದೆಂಬ ಹರಕೆ ಯಾಕೆ ಹುಟ್ಟಿತೆಂದು ಕೇಳಿದರೆ ಉತ್ತರವಿಲ್ಲ. ಹರಕೆ ಮಾತ್ರ ಇತ್ತು, ಅದು ಫಲಿಸಲಿಲ್ಲ. ಹದಿನೈದರ ಹೊತ್ತಿಗೆ ಮನೆತನದ ದಟ್ಟ ಗಡ್ಡವೇ ಬಂದಿತು.

ಮೊದಲ ಕ್ಷೌರವನ್ನು ತಂದೆಯೇ ಮಾಡಿದರು. ಗಿರಾಕಿಗಳು ಕುಳಿತಿದ್ದ ಮುಂಜಾನೆ. ಮಗನನ್ನು ಕುರ್ಚಿಯಲ್ಲಿ ಕೂಡಿಸಿ, ನೊರೆ ಹಚ್ಚಿ, ಹೊಸ ಬ್ಲೇಡು ಮುರಿದು ಹಾಕಿ, ಅತ್ಯಂತ ಅಭಿಮಾನದಿಂದ, “ಗಂಡಸಾದಿ ನೋಡಪಾ ಇನ್ನ” ಎಂದರು. ಕುಳಿತವರು ನಕ್ಕರು, ಒಬ್ಬರು ಪೇಢೆ ತರಿಸಿದರು. ಆ ತಂದೆಯಲ್ಲಿ ದೋಷವೇನೂ ಇರಲಿಲ್ಲ. ತಮ್ಮ ಬಳಿ ಇದ್ದ ಅತ್ಯುತ್ತಮ ಕಾಣಿಕೆಯನ್ನೇ ಅವರು ಕೊಟ್ಟಿದ್ದರು. ಆಕೆ ಆ ಪೇಢೆಯನ್ನು ಹಿತ್ತಲಿನಲ್ಲಿ ನಾಯಿಗೆ ಹಾಕಿದಳು. 2008ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದಳು.

ಬೆಂಗಳೂರಿನಲ್ಲಿ ಮಂಗಳಮುಖಿಯರ ಒಂದು ಮನೆ ಆಕೆಯನ್ನು ಸೇರಿಸಿಕೊಂಡಿತು. ಆ ಮನೆಗೆ ಗುರುವಿದ್ದಾರೆ, ಗುರುವಿಗೆ ಚೇಲಾಗಳಿದ್ದಾರೆ, ಹಿರಿಕಿರಿಯರ ಮರ್ಯಾದೆಯಿದೆ, ದಂಡನೆಯೂ ಇದೆ. ಅಲ್ಲಿಯ ಕಟ್ಟಳೆಗಳಲ್ಲಿ ಒಂದು, ಮುಖಕ್ಕೆ ಕತ್ತಿ ತಾಗಿಸಕೂಡದೆಂಬುದು. ಕತ್ತಿ ಗಂಡಸರ ವಸ್ತು. ಹೆಣ್ಣಾಗಬಯಸುವವಳು ಚಿಮಟದಿಂದ ಒಂದೊಂದೇ ಕೂದಲನ್ನು ಬುಡಸಮೇತ ಕೀಳಬೇಕು. ಗುರು ಒಂದು ಉಕ್ಕಿನ ಚಿಮಟವನ್ನು ಕೈಗಿತ್ತಾಗ ಆಕೆಗೆ ದೀಕ್ಷೆಯಾದಷ್ಟು ಸಂತೋಷವಾಯಿತು. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಬೆಳಕಿಗೆ ನಾಲ್ಕಾರು ಜನ ಕೂತು ಒಬ್ಬರ ಗಲ್ಲವನ್ನು ಇನ್ನೊಬ್ಬರು ಹಿಡಿದು ಕೀಳುವರು. ನೋವಿಗೆ ಕಣ್ಣೀರು ಬರುವುದು, ಅದರ ನಡುವೆಯೇ ಹಾಡು, ಹರಟೆ, ಬೈಗುಳ. ತನ್ನ ಜೀವನದಲ್ಲಿ ಅಷ್ಟು ಹತ್ತಿರದ ಬಳಗ ಮತ್ತೆ ಸಿಗಲಿಲ್ಲವೆಂದು ಆಕೆ ಇಂದಿಗೂ ಹೇಳುತ್ತಾಳೆ.

ಕಿತ್ತರೆ ಮುಖ ಕೆಲವು ದಿನ ನುಣುಪಾಗಿರುವುದು ನಿಜ. ಆದರೆ ಬೇರಿನ ಗೂಡು ಸಾಯುವುದಿಲ್ಲವಾದ್ದರಿಂದ ಕೂದಲು ಮರಳಿ ಬರುತ್ತದೆ; ಬರುವಾಗ ಕೆಲವು ದಾರಿ ತಪ್ಪಿ ಚರ್ಮದೊಳಗೇ ಬಾಗಿ ಬೆಳೆಯುತ್ತವೆ. ಅಲ್ಲಿ ಬಾವು, ಕೀವು. ನಮ್ಮ ಕಂದುಬಣ್ಣದ ಚರ್ಮಕ್ಕೆ ಇನ್ನೊಂದು ಗುಣವಿದೆ: ಎಲ್ಲಿ ಉರಿಯೂತವಾಯಿತೋ ಅಲ್ಲಿ ಕಪ್ಪು ಕಲೆಯನ್ನು ಬಿಟ್ಟೇ ಬಿಡುತ್ತದೆ. ಹತ್ತು ವರ್ಷಗಳಲ್ಲಿ ಆಕೆಯ ಗಲ್ಲ, ಗಂಟಲು ಎಳ್ಳು ಚೆಲ್ಲಿದಂತಾದವು. ಆ ಕಲೆಗಳನ್ನೂ ನೀಲಿಗಪ್ಪು ನೆರಳನ್ನೂ ಮುಚ್ಚಲು ಮೊದಲು ಕಿತ್ತಳೆಗೆಂಪಿನ ಲಿಪ್‌ಸ್ಟಿಕ್ಕನ್ನು ತೆಳ್ಳಗೆ ಸವರಿ, ಅದರ ಮೇಲೆ ಚರ್ಮದ ಬಣ್ಣದ ಕ್ರೀಮು, ಅದರ ಮೇಲೆ ಪೌಡರು. ಬೇಸಿಗೆಯ ಮಧ್ಯಾಹ್ನದ ಬೆವರಿಗೆ ಇಷ್ಟೂ ಪದರಗಳು ಕರಗಿ ಸೆರಗಿಗೆ ಅಂಟಿ ಬರುವವು.

ಹಾರ್ಮೋನುಗಳ ವಿಷಯದಲ್ಲಿ ಆಕೆಗಿದ್ದ ನಂಬಿಕೆಯೂ ಸುಳ್ಳಾಯಿತು. ಗೆಳತಿಯರ ಮಾತಿನಂತೆ ಗರ್ಭನಿರೋಧಕ ಮಾತ್ರೆಗಳನ್ನು ತಾನೇ ತಂದು ನುಂಗಿದಳು. ಇದು ಅಪಾಯದ ದಾರಿ. ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವುಂಟು, ವೈದ್ಯರ ಕಣ್ಣಿಲ್ಲದೆ ಯಾರೂ ಹಿಡಿಯಬಾರದು. ಮುಂದೆ ಹಾರ್ಮೋನ್ ತಜ್ಞರೊಬ್ಬರು ಸರಿಯಾದ ಔಷಧಿಯನ್ನು ಬರೆದುಕೊಟ್ಟಾಗಲೂ ಗಡ್ಡ ಹೋಗಲಿಲ್ಲ. ಕಾರಣವನ್ನು ಅವರೇ ವಿವರಿಸಿದರು. ಪ್ರಾಯಕ್ಕೆ ಬರುವಾಗ ಪುರುಷ ಹಾರ್ಮೋನಿನ ಪ್ರಭಾವದಿಂದ ಗಲ್ಲದ ನವಿರು ರೋಮಗಳು ಒರಟಾದ ಗಡ್ಡವಾಗಿ ಮಾರ್ಪಡುತ್ತವೆ. ಹೀಗೆ ಒಮ್ಮೆ ಮಾರ್ಪಟ್ಟ ಗೂಡು ಅಪ್ಪಣೆಯನ್ನು ಮರೆಯುವುದಿಲ್ಲ. ಅಪ್ಪಣೆ ಕೊಟ್ಟ ಅರಸನನ್ನು ಇಳಿಸಿದರೂ ಅದು ತನ್ನ ಕೆಲಸ ಬಿಡುವುದಿಲ್ಲ. ಔಷಧಿಯಿಂದ ಬೆಳವಣಿಗೆ ತುಸು ನಿಧಾನವಾಗಬಹುದು, ಎಳೆ ತುಸು ತೆಳುವಾಗಬಹುದು, ಅಷ್ಟೆ. ಗಡ್ಡವನ್ನು ಕಳೆಯಲು ಒಂದೊಂದು ಗೂಡನ್ನೂ ಅದರ ನೆಲೆಯಲ್ಲೇ ಹುಡುಕಿ ಸುಡಬೇಕು.

ಸುಡುವ ವಿದ್ಯೆಗಳು ಎರಡು. ಹಳೆಯದು ವಿದ್ಯುತ್ ಸೂಜಿಯದು, ಇಲೆಕ್ಟ್ರಾಲಿಸಿಸ್. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಚಾರ್ಲ್ಸ್ ಮಿಷೆಲ್ ಎಂಬ ನೇತ್ರವೈದ್ಯರು ಕಣ್ಣಿನೊಳಕ್ಕೆ ತಿರುಗಿ ಚುಚ್ಚುವ ರೆಪ್ಪೆಗೂದಲುಗಳನ್ನು ಹೋಗಲಾಡಿಸಲು ಇದನ್ನು ಬಳಸಿದರು. ಕಣ್ಣಿನ ಉಪಚಾರವೇ ಗಲ್ಲಕ್ಕೆ ಇಳಿದು ಬಂದಿತು. ಹೊಸದು ಲೇಸರ್. ವರ್ಣದ್ರವ್ಯವು ಬೆಳಕನ್ನು ಹೀರಿ ಕಾಯುವಂತೆ ಮಾಡಿ, ಸುತ್ತಲಿನ ಭಾಗವನ್ನು ಉಳಿಸಿ ಅದಿರುವ ನೆಲೆಯನ್ನಷ್ಟೇ ಬೇಯಿಸಬಹುದೆಂಬ ತತ್ತ್ವವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಆದರೆ ಬೆಳಕಿಗೆ ಕೂದಲಿನ ಕಪ್ಪೂ ಒಂದೇ, ಚರ್ಮದ ಕಪ್ಪೂ ಒಂದೇ. ಬಿಳಿಚರ್ಮದವರಿಗೆ ಹೊಂದುವ ಅಲೆಯನ್ನು ನಮ್ಮವರ ಗಲ್ಲಕ್ಕೆ ಹಾಯಿಸಿದರೆ ಚರ್ಮವೇ ಸುಟ್ಟೀತು. ಆಕೆಗೆ ಆದದ್ದೂ ಇದೇ. 2019ರ ಕೊನೆಯಲ್ಲಿ ಕಡಿಮೆ ದರವೆಂದು ಹೋದ ಒಂದು ಸೌಂದರ್ಯ ಕೇಂದ್ರದಲ್ಲಿ ಯಾರೋ ಹುಡುಗ ಯಂತ್ರ ಹಿಡಿದ. ಮರುದಿನ ಎರಡೂ ಕೆನ್ನೆಗಳ ಮೇಲೆ ಮುದ್ರೆಯೊತ್ತಿದಂತೆ ಚೌಕಾಕಾರದ ಗಾಯಗಳು. ಅವು ಮಾಸಲು ಆರು ತಿಂಗಳು ಹಿಡಿಯಿತು. ಆ ಆರು ತಿಂಗಳಲ್ಲಿ ಲೋಕವೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಿರುಗಿದ ಕಾಲವೂ ಬಂದದ್ದರಿಂದ ತನಗೆ ಅನುಕೂಲವೇ ಆಯಿತೆಂದು ಆಕೆ ನಗುತ್ತಾಳೆ.

ಇತ್ತ ಊರಿನಲ್ಲಿ ತಾಯಿ ತೀರಿಕೊಂಡಿದ್ದರು. ಮಣ್ಣಿಗೆ ಬರಲು ಆಕೆಗೆ ಕರೆ ಹೋಗಲಿಲ್ಲ. ತಂದೆಯ ಮೌನ ಹದಿಮೂರು ವರ್ಷ ನಡೆಯಿತು. 2014ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಿಗಳ ಗುರುತನ್ನು ಮಾನ್ಯ ಮಾಡಿದ ತೀರ್ಪು ಬಂತು, 2017ರಲ್ಲಿ ನಮ್ಮ ರಾಜ್ಯದ ನೀತಿ ಬಂತು, 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ಇವು ಯಾವುವೂ ಆ ಓಣಿಯ ಅಂಗಡಿಯನ್ನು ತಲುಪಲಿಲ್ಲ. ತಲುಪಿದ್ದು ದೂರದರ್ಶನದ ಒಂದು ದೃಶ್ಯ. 2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದ ಮಾತಾ ಮಂಜಮ್ಮ ಜೋಗತಿಯವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲವೆ, ಅದನ್ನು ಅಂಗಡಿಯ ಟೀವಿಯಲ್ಲಿ ಎಲ್ಲರೂ ಕಂಡರು. ಗಿರಾಕಿಯ ಗಲ್ಲದ ಮೇಲಿದ್ದ ತಂದೆಯ ಕತ್ತಿ ನಿಂತಿತು. ಗಿರಾಕಿಗಳಲ್ಲಿ ಒಬ್ಬರು, “ನಮ್ಮ ಬಳ್ಳಾರಿ ಕಡೆಯಾಕಿ, ನೋಡ್ರಿ” ಎಂದು ಹೆಮ್ಮೆಯಿಂದ ಹೇಳಿದರಂತೆ. ಎಂಟು ದಿನ ಬಿಟ್ಟು ತಂದೆ ಯಾರಿಂದಲೋ ನಂಬರು ಪಡೆದು ಫೋನ್ ಮಾಡಿದರು. “ಊಟ ಆತೇನು?” ಎಂದರು. ಆಕೆ “ಆತು” ಎಂದಳು. ಮೊದಲ ಸಲದ ಮಾತು ಅಷ್ಟೇ.

2022ರಲ್ಲಿ ಆಕೆ ಜಿಲ್ಲೆಗೆ ಮರಳಿದಳು. ಎಚ್‌ಐವಿ ತಡೆಯ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆಯ ನೌಕರಿ, ತಿಂಗಳಿಗೆ ಹನ್ನೆರಡು ಸಾವಿರ ಸಂಬಳ, ತಂದೆಯ ಊರಿಗೆ ಹತ್ತು ಮೈಲಿಯ ತಾಲೂಕು ಕೇಂದ್ರದಲ್ಲಿ ಬಾಡಿಗೆಯ ಒಂದು ಕೋಣೆ. ಹುಬ್ಬಳ್ಳಿಯ ಚರ್ಮವೈದ್ಯರೊಬ್ಬರನ್ನು ಕಂಡಳು. ಅವರು ಗಲ್ಲವನ್ನು ಭೂತಗನ್ನಡಿಯಲ್ಲಿ ನೋಡಿ, ಕಂದುಚರ್ಮಕ್ಕೆ ಹೆಚ್ಚು ಸುರಕ್ಷಿತವಾದ ಎನ್‌ಡಿ-ಯಾಗ್ ಎಂಬ ಲೇಸರ್ ತಮ್ಮಲ್ಲಿದೆಯೆಂದೂ, ಅದರ ಅಲೆ 1064 ನ್ಯಾನೊಮೀಟರ್ ಉದ್ದದ್ದಾಗಿರುವುದರಿಂದ ಮೇಲ್ಪದರದ ಬಣ್ಣವನ್ನು ಅಷ್ಟಾಗಿ ಕೆಣಕದೆ ಆಳಕ್ಕಿಳಿಯುವುದೆಂದೂ ತಿಳಿಸಿದರು. ಎಲ್ಲ ಕೂದಲುಗಳೂ ಒಂದೇ ಸಮಯದಲ್ಲಿ ಬೆಳೆಯುವುದಿಲ್ಲ, ಕೆಲವು ಬೆಳೆಯುತ್ತಿರುತ್ತವೆ, ಕೆಲವು ಮಲಗಿರುತ್ತವೆ, ಬೆಳೆಯುತ್ತಿರುವುವಷ್ಟೇ ಸಾಯುತ್ತವೆ. ಆದ್ದರಿಂದ ಆರು ವಾರಕ್ಕೊಮ್ಮೆಯಂತೆ ಎಂಟೊಂಬತ್ತು ಸಲ ಬರಬೇಕು, ಬಿಸಿಲಿಗೆ ಹೋಗಬಾರದು ಎಂದರು. ಕೊನೆಗೆ ಒಂದು ಮಾತು: “ಇನ್ನು ಮುಂದೆ ಕೀಳಬಾರದು. ಬೇರು ಇದ್ದರೆ ತಾನೇ ಬೆಳಕು ಅದನ್ನು ಹಿಡಿಯುವುದು? ಹಿಂದಿನ ದಿನ ಕ್ಷೌರ ಮಾಡಿಕೊಂಡು ಬನ್ನಿ.”

ಹದಿನಾಲ್ಕು ವರ್ಷ ಕತ್ತಿ ಮುಟ್ಟದ ಗಲ್ಲ ಅದು. ಗುರುವಿಗೆ ಕೊಟ್ಟ ಮಾತೂ ಇತ್ತು. ಆದರೆ ಮಾತಿಗಿಂತ ಹೆಚ್ಚಾಗಿ ಆಕೆಯನ್ನು ತಡೆದದ್ದು ಆ ಹಳೆಯ ಮುಂಜಾನೆ, ಆ ಕುರ್ಚಿ, ಆ ನಗು, ಆ ಪೇಢೆ. ಗಡ್ಡ ಹೋಗಬೇಕಾದರೆ ಗಂಡಸಿನಂತೆ ಕನ್ನಡಿಯ ಮುಂದೆ ನಿಂತು ನೊರೆ ಹಚ್ಚಿಕೊಳ್ಳಬೇಕೆಂಬ ವಿಪರ್ಯಾಸವನ್ನು ಆಕೆಗೆ ಸಹಿಸಲಾಗಲಿಲ್ಲ. ಕೀಳುವುದನ್ನು ನಿಲ್ಲಿಸಿದ ನಾಲ್ಕನೆಯ ವಾರಕ್ಕೆ ಮುಖವೆಲ್ಲ ಒರಟಾಗಿ ಆಕೆ ಹೊರಗೆ ಹೋಗುವುದನ್ನೇ ಬಿಟ್ಟಳು. ಕೋಣೆಯ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಇಷ್ಟಲಿಂಗಪೂಜೆಗೆ ಕೂತಾಗಲೂ ಕೈ ತಾನಾಗಿ ಗಲ್ಲವನ್ನು ತಡವುತ್ತಿತ್ತು. ರೇಜರು ತಂದಳು, ಮೂರು ದಿನ ಅದರ ಪ್ಯಾಕೆಟ್ಟು ಒಡೆಯಲಿಲ್ಲ. ವೈದ್ಯರ ದಿನ ಬುಧವಾರ. ಸೋಮವಾರ ರಾತ್ರಿ ತಂದೆಗೆ ಫೋನ್ ಮಾಡಿ, ಅಳು ತಡೆಯಲಾರದೆ, ವಿಷಯವನ್ನೆಲ್ಲ ಹೇಳಿದಳು. ಹೇಳಬೇಕೆಂದು ಮಾಡಿದ ಫೋನಲ್ಲ ಅದು.

ತಂದೆ ಬಹಳ ಹೊತ್ತು ಸುಮ್ಮನಿದ್ದು, “ನಾಳೆ ಮಂಗಳವಾರ, ಅಂಗಡಿ ಬಂದ್ ಇರತೈತಿ. ಬೆಳಕ ಹರಿಯೂದರಾಗ ಬಾ” ಎಂದರು.

ಮಂಗಳವಾರ ಕ್ಷೌರ ನಿಷಿದ್ಧವೆಂದು ಊರಿಗೆ ಊರೇ ನಂಬುತ್ತದೆ. ಅಂಗಡಿಗಳೂ ಅಂದು ಮುಚ್ಚಿರುತ್ತವೆ. ವಾರ ತಿಥಿಗಳ ಶುಭಾಶುಭಗಳನ್ನು ಬಸವಣ್ಣನವರು ಒಪ್ಪಲಿಲ್ಲವೆಂಬುದನ್ನು ಆ ತಂದೆ ಎಷ್ಟು ಸಲ ಪ್ರವಚನಗಳಲ್ಲಿ ಕೇಳಿದ್ದರೋ! ಅಂದು ಮುಂಜಾನೆ ಬಾಗಿಲನ್ನು ಅರ್ಧ ಇಳಿಸಿ, ಒಂದೇ ಬಲ್ಬು ಹಾಕಿ, ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿ ಇಟ್ಟಿದ್ದರು. ಹಾಗೆ ಇಡಬೇಕೆಂದು ಆಕೆ ಹೇಳಿರಲಿಲ್ಲ. ಹದಿನಾಲ್ಕು ವರ್ಷಗಳ ನಂತರ ಸೀರೆಯುಟ್ಟು ಬಂದ ಮಗುವನ್ನು ಅವರು ಮೇಲಿಂದ ಕೆಳಗೆ ನೋಡಲಿಲ್ಲ, ನೇರವಾಗಿ ಗಲ್ಲ ನೋಡಿದರು. ಹೆಬ್ಬೆರಳಿನಿಂದ ಚರ್ಮ ಎಳೆದು ಕಲೆಗಳನ್ನು ಪರೀಕ್ಷಿಸಿ, “ಕಿತ್ತು ಕಿತ್ತು ಹಾಳ ಮಾಡೀರಿ” ಎಂದರು. ಯಾರಿಗೆ ಆ ಬಹುವಚನ ಎಂಬುದು ಸ್ಪಷ್ಟವಾಗಲಿಲ್ಲ.

ಬಿಸಿನೀರಿನ ಬಟ್ಟೆಯನ್ನು ಐದು ನಿಮಿಷ ಗಲ್ಲಕ್ಕೆ ಸುತ್ತಿ ಇಟ್ಟರು. ಹೊಸ ಬ್ಲೇಡನ್ನು ಆಕೆಯ ಎದುರಿಗೇ ಮುರಿದರು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಬಾರದೆಂಬ ಪಾಠವನ್ನು ಮಗಳ ಸಂಸ್ಥೆಯಂತಹವರೇ ಹಿಂದೆ ಅಂಗಡಿ ಅಂಗಡಿಗೆ ಹೋಗಿ ಹೇಳಿದ್ದರು. ಕೂದಲು ಮಲಗಿದ ದಿಕ್ಕಿಗಷ್ಟೇ ಕತ್ತಿ ಎಳೆದರು. ಎದುರುಮುಖವಾಗಿ ಒಮ್ಮೆಯೂ ಎಳೆಯಲಿಲ್ಲ. ಎದುರು ಎಳೆದರೆ ಕೂದಲು ಒಳಗೆ ಹೊಕ್ಕು ಬಾವು ಬರುವುದೆಂದು ವೈದ್ಯರು ಚೀಟಿಯಲ್ಲಿ ಬರೆದದ್ದನ್ನು ಆಕೆ ಇನ್ನೂ ತೋರಿಸಿರಲಿಲ್ಲ. ನಲವತ್ತು ವರ್ಷದ ಕಾಯಕಕ್ಕೆ ಚೀಟಿ ಬೇಕಿರಲಿಲ್ಲ. ಮೇಲ್ದುಟಿಗೆ ಬಂದಾಗ ಮೂಗಿನ ತುದಿಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದರು. ಆಕೆಗೆ ಬಿಕ್ಕು ಬಂದು ಗಲ್ಲ ಅಲುಗಿತು.

“ಅಳ್ಳಾಡಬ್ಯಾಡ ಯವ್ವಾ, ಕೊಯ್ತೈತಿ.”

ಕೆಲಸದ ಗಮನದಲ್ಲಿ ಆಡಿದ ಮಾತು. ಅವರು ಅದನ್ನು ಗಮನಿಸಿದರೋ ಇಲ್ಲವೋ ತಿಳಿಯದು. ಆಕೆಯೂ ಅದನ್ನು ಕೇಳಿಸಿಕೊಂಡದ್ದು ತಿರುಗಿ ಹೋಗುವ ಬಸ್ಸಿನಲ್ಲಿ ಕೂತ ಮೇಲೆ. ಕೊನೆಗೆ ಪಟಿಕದ ಹರಳನ್ನು ನೀರಲ್ಲಿ ಅದ್ದಿ ಸವರಿ, ಟವೆಲಿನಿಂದ ಒತ್ತಿ, ಅಂಗಡಿಯ ಕ್ರಮದಂತೆ ಅದನ್ನು ಕೊಡವಿದರು.

ಮುಂದಿನ ವರ್ಷದ ವೃತ್ತಾಂತವನ್ನು ಹೆಚ್ಚು ಬೆಳೆಸುವ ಅಗತ್ಯವಿಲ್ಲ. ಒಂಬತ್ತು ಬುಧವಾರಗಳು, ಒಂಬತ್ತು ಮಂಗಳವಾರಗಳು. ಒಂದು ಸಲಕ್ಕೆ 2,500 ರೂಪಾಯಿ. ಮರಗಟ್ಟಿಸುವ ಕ್ರೀಮನ್ನು ತಾಸು ಮೊದಲೇ ಹಚ್ಚಿದರೂ ಮೇಲ್ದುಟಿಯ ನೋವು ಕಣ್ಣಲ್ಲಿ ನೀರು ತರಿಸುವಂತಹುದು. ಕಾದ ರಬ್ಬರು ಹೊಡೆದಂತೆ, ಜೊತೆಗೆ ಸುಟ್ಟ ಕೂದಲಿನ ವಾಸನೆ. ಆ ವಾಸನೆಗೆ ತನಗೆ ಅಂಗಡಿಯ ಒಲೆಯ ನೆನಪು ಬರುತ್ತಿತ್ತೆಂದು ಆಕೆ ಹೇಳುತ್ತಾಳೆ. ಗುಡಿಸಿದ ಕೂದಲು ಹಾರಿ ಒಲೆಗೆ ಬೀಳುತ್ತಿತ್ತಂತೆ. ಪ್ರತಿ ಸಲವೂ ವಾರ ಕಳೆದ ಮೇಲೆ ಕೂದಲು ಬೆಳೆದಂತೆ ಕಂಡು ಭಯವಾಗುವುದು. ಅದು ಬೆಳೆದದ್ದಲ್ಲ, ಸತ್ತ ಕೂದಲು ಹೊರಬೀಳುವುದು, ಒರೆಸಿದರೆ ಉದುರುವುದು. ಬಾಗಲಕೋಟೆಯ ಬಿಸಿಲಿನಲ್ಲಿ ಕ್ಷೇತ್ರಕಾರ್ಯ ಮಾಡುವವಳಿಗೆ ಬಿಸಿಲಿಗೆ ಹೋಗಬೇಡವೆಂದರೆ ಹೇಗೆ? ಕೊಡೆ ಹಿಡಿದು ಓಣಿ ಓಣಿ ತಿರುಗಿದಳು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯ 8ನೆಯ ಆವೃತ್ತಿಯು ಲಿಂಗಪರಿವರ್ತನೆಯ ಹಾದಿಯಲ್ಲಿರುವವರಿಗೆ ಮುಖದ ಕೂದಲ ನಿವಾರಣೆಯನ್ನು ಅಗತ್ಯ ಚಿಕಿತ್ಸೆಗಳ ಸಾಲಿನಲ್ಲಿ ಸೇರಿಸಿದೆ. ಆದರೂ ಆಕೆಯ ಖರ್ಚನ್ನು ಅಲಂಕಾರದ ಖರ್ಚೆಂದು ಆಡಿಕೊಂಡವರೇ ಹೆಚ್ಚು. ಹೆಣ್ಣಿನ ದಿರಿಸಿನಲ್ಲಿ ಸಂತೆಗೆ ಹೋಗುವಾಗ ಗಲ್ಲದ ನೆರಳೊಂದು ಕಂಡರೆ ಹಿಂದೆ ಬರುವ ಶಿಳ್ಳೆಯ ಅರ್ಥವೇನೆಂದು ಹಾಗೆ ಆಡಿದವರು ಬಲ್ಲರೆ?

2023ರ ಕೊನೆಯ ಹೊತ್ತಿಗೆ ನೆರಳು ಹೋಯಿತು. ಉಳಿದದ್ದು ಬಿಳಿಗೂದಲು. ಮುಪ್ಪು ಆವರಿಸುವ ಮುನ್ನವೇ ಕೂಡಲಸಂಗಮದೇವನನ್ನು ಪೂಜಿಸಬೇಕೆಂದು ಎಚ್ಚರಿಸುವಾಗ ಬಸವಣ್ಣನವರು ಮುಪ್ಪಿನ ಗುರುತುಗಳಲ್ಲಿ ಮೊದಲು ನೆನೆದದ್ದು ಕೆನ್ನೆಯ ನರೆಯನ್ನು. ಮೂವತ್ತೈದಕ್ಕೇ ಆಕೆಯ ಗಲ್ಲದಲ್ಲಿ ಅದು ಕಾಣಿಸಿಕೊಂಡಿತ್ತು. ಲೇಸರಿನ ಬೆಳಕು ಕಪ್ಪನ್ನು ಮಾತ್ರ ಹಿಡಿಯುವುದರಿಂದ ನರೆಗೂದಲು ಅದರ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೇ ಅಮೆರಿಕದ ಔಷಧ ಆಡಳಿತವು ಲೇಸರಿಗೆ ‘ಶಾಶ್ವತ ಇಳಿಕೆ’ ಎಂಬ ಮಾತನ್ನಷ್ಟೇ ಒಪ್ಪಿದೆ. ‘ಶಾಶ್ವತ ನಿವಾರಣೆ’ ಎಂಬ ಮಾತು ಸಲ್ಲುವುದು ಆ ಹಳೆಯ ಸೂಜಿಗೆ. ಸೂಜಿಗೆ ಬಣ್ಣದ ಭೇದವಿಲ್ಲ. ಕೂದಲಿನಷ್ಟು ತೆಳುವಾದ ತಂತಿಯನ್ನು ಗೂಡಿನೊಳಕ್ಕೆ ಇಳಿಸಿ ವಿದ್ಯುತ್ತು ಹರಿಸಿದರೆ ಅಲ್ಲಿರುವ ಉಪ್ಪು-ನೀರುಗಳಿಂದಲೇ ಕ್ಷಾರ ಹುಟ್ಟಿ ಬೇರು ಕರಗುತ್ತದೆ. ಒಂದು ಸಲಕ್ಕೆ ಒಂದು ಗೂಡು. ಆದರೆ ಸೂಜಿಗೆ ದಾರಿ ತೋರಿಸಲು ಕೂದಲು ಹೊರಗೆ ಕಾಣಬೇಕು. ಮೂರು ನಾಲ್ಕು ದಿನ ಕ್ಷೌರವಿಲ್ಲದೆ ಇರಬೇಕು. ಈ ವಿದ್ಯೆ ಬಲ್ಲವರು ನಮ್ಮ ಕಡೆ ಲೇಸರಿನವರಷ್ಟು ಸಿಗುವುದಿಲ್ಲ. ಹುಬ್ಬಳ್ಳಿಗೆ ತಿಂಗಳ ಎರಡನೆಯ ಶನಿವಾರ ಹೊರಗಿನಿಂದ ಬಂದು ಹೋಗುವ ಒಬ್ಬ ತಾಯಿಯ ಬಳಿ ಆಕೆಗೆ 2024ರ ಮೇ 11ರ ದಿನ ಸಿಕ್ಕಿತು.

ಮೇ 10, ಶುಕ್ರವಾರ, ಬಸವ ಜಯಂತಿ. ಅಂದು ಸಂಜೆ ಊರ ಕಾರ್ಯಕ್ರಮದಲ್ಲಿ ವಚನಗಾಯನಕ್ಕೆ ಆಕೆಯ ಹೆಸರು ಮೊದಲ ಬಾರಿಗೆ ಕರಪತ್ರದಲ್ಲಿ ಅಚ್ಚಾಗಿತ್ತು. ಕ್ಷೌರ ಮಾಡಿಕೊಂಡರೆ ಮರುದಿನದ ಸೂಜಿ ತಪ್ಪಿ ಒಂದು ತಿಂಗಳು ಹೋಗುವುದು, ಮಾಡಿಕೊಳ್ಳದಿದ್ದರೆ ನೂರಾರು ಜನರೆದುರು ದೀಪದ ಬೆಳಕಿಗೆ ಗಲ್ಲ ಮಿನುಗುವುದು. ಮೇ 7, ಮಂಗಳವಾರ, ಲೋಕಸಭೆಯ ಮತದಾನದ ದಿನ. ಬೆಳಗಿನ ಜಾವ ತಂದೆಯಿಂದ ಕೊನೆಯ ಕ್ಷೌರ ಮಾಡಿಸಿಕೊಂಡು ಹೆಂಗಸರ ಸರದಿಯಲ್ಲಿ ನಿಂತು ಮತ ಹಾಕಿ ಬಂದಳು. ಅಂದು ಯಾರೂ ತಿರುಗಿ ನೋಡಲಿಲ್ಲ. ಆ ನಂತರ ಮೂರು ದಿನ ಕೈ ಕಟ್ಟಿ ಕೂತಳು. ಶುಕ್ರವಾರ ಸಂಜೆ ಸೆರಗನ್ನು ತಲೆಯ ಮೇಲೆ ಹೊದ್ದು ಗಲ್ಲದವರೆಗೆ ಎಳೆದುಕೊಂಡು ವೇದಿಕೆ ಹತ್ತಿದಳು. ಅಕ್ಕನ ವಚನ ಹಾಡಬೇಕು. ಎತ್ತರದ ಸ್ವರಕ್ಕೆ ಬಾಯಿ ತೆರೆಯುವಾಗ ಸೆರಗು ಜಾರಿತು. ಅದನ್ನು ಮತ್ತೆ ಎಳೆದುಕೊಳ್ಳಲು ಕೈ ಖಾಲಿಯಿರಲಿಲ್ಲ, ಹಾರ್ಮೋನಿಯಂ ಮೇಲಿತ್ತು. ಹಾಡು ಮುಗಿಸಿದಳು.

ಪ್ರಸಾದದ ಪಂಕ್ತಿಯಲ್ಲಿ ಹಿರಿಯರೊಬ್ಬರು, ಕುಹಕದಿಂದಲ್ಲ, ನಿಜವಾದ ಜಿಜ್ಞಾಸೆಯಿಂದಲೇ ಕೇಳಿದರು: “ದಾಸಿಮಯ್ಯನವರು ಆತ್ಮಕ್ಕೆ ಗಂಡೂ ಇಲ್ಲ ಹೆಣ್ಣೂ ಇಲ್ಲ ಅಂದಾರ. ಅಂದ ಮ್ಯಾಲೆ ಈ ಗಡ್ಡ ಇದ್ದರೇನು, ಹ್ವಾದರೇನು? ಯಾಕಿಷ್ಟು ತ್ರಾಸ ತಗೋತಿ?”

ಆಕೆ ಎಲೆಯ ಮೇಲಿನ ಹುಗ್ಗಿಯನ್ನು ನೋಡುತ್ತ, “ಆತ್ಮ ಬಸ್ ಹತ್ತೂದಿಲ್ಲರೀ ಅಜ್ಜಾರ, ನಾ ಹತ್ತತೇನಿ” ಎಂದಳು.

ಈ ಉತ್ತರವನ್ನು ಉದ್ಧಟತನವೆಂದು ಭಾವಿಸಿದವರೂ ಪಂಕ್ತಿಯಲ್ಲಿ ಇದ್ದರು. ವಿಚಾರಮಾಡಿದರೆ ದಾಸಿಮಯ್ಯನವರ ಮಾತಿಗೆ ಇದು ವಿರೋಧವಲ್ಲ. ಕುರುಹನ್ನು ಕಂಡು ಹೆಸರಿಡುವುದು ಲೋಕದ ರೂಢಿಯೆಂದು ವಚನಕಾರರೇ ಮೊದಲು ಒಪ್ಪಿಕೊಂಡು ಆಮೇಲೆ ಚೈತನ್ಯದ ಮಾತು ಎತ್ತುತ್ತಾರೆ. ಲೋಕ ಆ ರೂಢಿ ಬಿಡುವ ತನಕ ಆ ಹೆಸರಿನ ಭಾರ ಹೊರುವುದು ಚೈತನ್ಯವಲ್ಲ, ಗಲ್ಲ. ಅಲ್ಲದೆ ಕಾಯವನ್ನು ಹೇಯವೆಂದು ತಳ್ಳಿದ ಮತ ನಮ್ಮದಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸುವವರು ಅಂಗದ ಸಂಕಟವನ್ನು ಅಲ್ಪವೆನ್ನಲಾಗದು. ಇಷ್ಟಲಿಂಗ ಕಟ್ಟುವಾಗ ಗಂಡು ಹೆಣ್ಣೆಂಬ ಭೇದವೆಣಿಸದ ಪರಂಪರೆ ಸರಕಾರಿ ಅರ್ಜಿಯಲ್ಲಿ ‘ಲಿಂಗ’ ಎಂಬ ಕಾಲಮ್ಮಿನ ಮುಂದೆ ನಡುಗಿ ನಿಲ್ಲುವವರನ್ನು ಏನೆಂದು ಕರೆಯಬೇಕೆಂಬುದು ಆ ಹಿರಿಯರಿಗೂ ಹೊಳೆದಂತಿತ್ತು. ಅವರು ತಮ್ಮ ಎಲೆಯ ಹೋಳಿಗೆಯನ್ನು ಅರ್ಧ ಮುರಿದು ಆಕೆಯ ಎಲೆಗೆ ಹಾಕಿದರು.

ಮರುದಿನ ಮುಂಜಾನೆ ಹುಬ್ಬಳ್ಳಿಯ ಬಸ್ಸು. 2023ರ ಜೂನ್‌ನಿಂದ ಜಾರಿಯಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರೊಡನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಟಿಕೆಟು ಶೂನ್ಯ. ಕಂಡಕ್ಟರು ಗಲ್ಲವನ್ನು ನೋಡಿ, ಸೀರೆಯನ್ನು ನೋಡಿ, ಮತ್ತೆ ಗಲ್ಲವನ್ನು ನೋಡಿ, “ಯಾವ ಟಿಕೆಟ್ ಕೊಡಬೇಕು?” ಎಂದ. ಆಕೆ ಗುರುತಿನ ಚೀಟಿ ತೋರಿಸಿದಳು. ಹಿಂದಿನ ಸೀಟಿನಿಂದ ನಗು ಬಂತು. ಕಂಡಕ್ಟರು ತಾನೂ ನಕ್ಕು ಶೂನ್ಯದ ಚೀಟಿ ಹರಿದುಕೊಟ್ಟ. ಮೂರು ತಾಸಿನ ದಾರಿಯಲ್ಲಿ ಆಕೆಯ ಪಕ್ಕದ ಸೀಟು ಖಾಲಿಯೇ ಉಳಿಯಿತು.

ಸೂಜಿಯ ಕೆಲಸ ಒಂದು ತಾಸು ನಡೆಯಿತು. ಆಕೆ ಎಣಿಸುತ್ತಲೇ ಇದ್ದಳು, ನೂರಾ ಹತ್ತು. ಮುಖ ಊದಿಕೊಂಡು, ಅಲ್ಲಲ್ಲಿ ಸಾಸಿವೆಯಷ್ಟು ಹಕ್ಕಳೆ ಕಟ್ಟಿತು.

ಮುಂದಿನ ಮಂಗಳವಾರ ಅಭ್ಯಾಸಬಲದಿಂದ ಅಂಗಡಿಗೆ ಹೋದಳು. ಬಾಗಿಲು ಪೂರ್ತಿ ತೆರೆದಿತ್ತು. ತಂದೆ ಕನ್ನಡಕ ಹಾಕಿಕೊಂಡು ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಈ ವಾರ ಕತ್ತಿ ಬೇಡ, ಪಟಿಕವೂ ಬೇಡವೆಂದು ಆಕೆ ಹೇಳಿದಳು.

“ಒಂದೊಂದು ಕೂದಲಕ್ಕ ಒಂದೊಂದು ಸಲ ಸೂಜಿ ಹಾಕ್ತಾರೇನು?”

“ಹ್ಞೂಂ ಯಪ್ಪಾ.”

“ನೂರಾ ಹತ್ತು ಸಲ?”

“ಹ್ಞೂಂ.”

“ಅಷ್ಟು ತಾಳ್ಮಿ ನಮ್ಮ ಕಾಯಕದಾಗೂ ಇಲ್ಲ” ಎಂದು ಅವರು ಕಾಯಕದವರು ಕಾಯಕದವರನ್ನು ಮೆಚ್ಚುವ ಧಾಟಿಯಲ್ಲಿ ಹೇಳಿ, ಕೈಗೆ ತೆಗೆದುಕೊಂಡಿದ್ದ ಟವೆಲನ್ನು ಮಡಚಿ ಮೊಳೆಗೆ ಹಾಕಿದರು. ಇನ್ನೂ ಎಷ್ಟು ಉಳಿದಾವೆಂದು ಕೇಳಿದರು. ಇನ್ನೂರಕ್ಕೆ ಮೇಲೆ ಇರಬಹುದೆಂದು ಆಕೆ ಹೇಳಿದಳು. ತಂದೆ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಜೂನ್ ತಿಂಗಳ ಎರಡನೆಯ ಶನಿವಾರವನ್ನು ಹುಡುಕಿ, ಕಿವಿಯ ಮೇಲಿನ ಪೆನ್ಸಿಲ್ಲಿನಿಂದ ಅದಕ್ಕೊಂದು ಗುರುತು ಹಾಕಿದರು.